ಬಿಟ್ಟುಹೋದವರಿಗೊಂದು ಫೋನು

ಸೆಪ್ಟೆಂಬರ್ 2, ಮಂಗಳವಾರ

ಸಾರಿ. ಮೊದಲೇ ಹೇಳಿಬಿಡ್ತೀನಿ, ನಾನು ಡೈರಿ ಬರೆಯೋ ಟೈಪ್ ಅಲ್ಲ. ಹೇಳಿಕೊಳ್ಳೋ ಅಂಥದ್ದು ಏನೂ ಮಾಡದವಳು ಒಳ್ಳೇ ನೋಟ್‌ಬುಕ್ ಯಾಕೆ ಹಾಳು ಮಾಡಬೇಕು? ಆದರೆ ಒಂದು ವಿಷಯ ಯಾರಿಗಾದರೂ ಹೇಳಲೇಬೇಕು, ಯಾರೂ ಸಿಗ್ತಾ ಇಲ್ಲ. ಅದಕ್ಕೆ ನಿನಗೆ ಈ ತೊಂದರೆ.

ಕನ್ನಡದಲ್ಲಿ ಬರೀತಿರೋದು ಅಭಿಮಾನಕ್ಕೇನಲ್ಲ. ಏಳನೇ ವಯಸ್ಸಿಂದ ನಾನು ಹಾಸ್ಟೆಲ್‌ನಲ್ಲೇ ಬೆಳೆದವಳು. ಸ್ಕೂಲ್ ಹಾಸ್ಟೆಲ್ ವಾರ್ಡನ್ ನಮ್ಮೆಲ್ಲರ ಡೈರಿ ತೆಗೆದು ಓದ್ತಿದ್ದರು. ಅವರಿಗೆ ಕನ್ನಡ ಬರ್ತಿರಲಿಲ್ಲ. ರಜೆಯಲ್ಲಿ ಅಜ್ಜಿ ಕಲಿಸಿದ ಅರೆಬರೆ ಅಕ್ಷರಗಳೇ ನನ್ನ ಡೈರಿಗೆ ಬೀಗ. ಆ ಹ್ಯಾಬಿಟ್ ಉಳಿದುಬಿಟ್ಟಿದೆ.

ವಿಷಯ ಇಷ್ಟೇ: ಈ ವರ್ಷವಷ್ಟೇ ಸೇರಿದ ಈ ಯೂನಿವರ್ಸಿಟಿನ ನಾನು ಬಿಡ್ತಾ ಇದ್ದೀನಿ. ಡಿಸೈಡೆಡ್. ನವೆಂಬರ್ ಕೊನೆಯೊಳಗೆ ಬಿಟ್ಟರೆ ಅಮ್ಮ ಇರೋ ಊರಲ್ಲಿ ಬೇರೆ ಕಾಲೇಜಿಗೆ ಸೇರಬಹುದಂತೆ, ಇಯರ್ ವೇಸ್ಟ್ ಆಗಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಕಳೆದ ವಾರ ಸೆಮಿನಾರ್. ಎದ್ದು ನಿಂತೆ, ಮೊದಲನೇ ಸ್ಲೈಡ್ ಬಂತು, ಬಾಯಿ ತೆರೆಯೋಕೇ ಆಗಲಿಲ್ಲ. ಸ್ಲೈಡ್‌ಗಳನ್ನ ಆಟೋಮ್ಯಾಟಿಕ್ ಇಟ್ಟಿದ್ದೆ. ನಾನು ಕಂಬದ ಹಾಗೆ ನಿಂತೇ ಇದ್ದೆ, ಅವು ಒಂದಾದಮೇಲೊಂದು ಹೋಗ್ತಾನೇ ಇದ್ದವು, ಕೊನೆಗೆ "ಥ್ಯಾಂಕ್ ಯೂ" ಅಂತ ಅವೇ ಹೇಳಿ ಮುಗಿಸಿದವು. ಯಾರೋ ಚಪ್ಪಾಳೆ ಬೇರೆ ತಟ್ಟಿದರು.

ರೂಮ್‌ಮೇಟ್‌ಗೆ ಹೇಳಬಹುದಿತ್ತು. ಆದರೆ ಅವಳು ಪಿಸುಗುಟ್ಟಿದರೂ ಕೆಳಗಿನ ಫ್ಲೋರ್‌ಗೆ ಕೇಳುತ್ತೆ. ಎಲ್ಲರೂ ಅವಳನ್ನ ಗುಡುಗು ಅಂತಾರೆ. ಸೆಮಿನಾರ್ ದಿನ ಅವಳು ಏನೂ ಕೇಳದೆ ತನ್ನ ಪಾಲಿನ ಬಾಳೆಹಣ್ಣನ್ನ ನನ್ನ ದಿಂಬಿನ ಮೇಲೆ ಇಟ್ಟು ಹೋಗಿದ್ದಳು. ಅದಕ್ಕೂ ಥ್ಯಾಂಕ್ಸ್ ಹೇಳಿಲ್ಲ ನಾನು.

ಸೆಪ್ಟೆಂಬರ್ 4, ಗುರುವಾರ

ಹಾಸ್ಟೆಲ್‌ನಲ್ಲಿ ಬೆಳೆದವರಿಗೆ ಒಂದು ಕಾಯಿಲೆ ಇರುತ್ತೆ. ಕ್ಯೂ ಕಂಡರೆ ನಿಂತುಬಿಡ್ತೀವಿ. ಊಟಕ್ಕೋ ಇಂಜೆಕ್ಷನ್‌ಗೋ ಅನ್ನೋದು ಆಮೇಲೆ ಗೊತ್ತಾಗುತ್ತೆ.

ಇವತ್ತು ಬಿಡೋ ಅರ್ಜಿ ಹಿಡ್ಕೊಂಡು ಅಡ್ಮಿನ್ ಬಿಲ್ಡಿಂಗ್‌ಗೆ ಹೋದೆ. ಮೂರನೇ ಫ್ಲೋರಲ್ಲಿ ಕ್ಯೂ ಇತ್ತು. ನಿಂತೆ. ನನ್ನ ಮುಂದಿದ್ದ ಹುಡುಗ ತನ್ನಷ್ಟಕ್ಕೆ "ಹಲೋ, ಹಲೋ" ಅಂತ ಪ್ರಾಕ್ಟೀಸ್ ಮಾಡ್ತಿದ್ದ. ಪಾಪ, ಬಿಟ್ಟುಹೋಗೋ ಟೆನ್ಷನ್ ಅಂದುಕೊಂಡೆ. ಒಳಗೆ ಹೋದಾಗ ಕ್ಲರ್ಕ್ ಮೇಡಂ ತಲೆ ಎತ್ತದೆ ಕೇಳಿದರು:

"ಕನ್ನಡ, ಇಂಗ್ಲಿಷ್ ಎರಡೂ ಬರುತ್ತಾ?"

"ಬರುತ್ತೆ."

"ಸಂಜೆ ಹೊತ್ತು ಫ್ರೀ ಇರ್ತೀಯಾ?"

ಬಿಟ್ಟುಹೋಗೋಕೆ ಸಂಜೆ ಯಾಕೆ ಬೇಕು ಅನ್ನಿಸಿತು. ಆದರೂ ಇರ್ತೀನಿ ಅಂದೆ. ಸೈನ್ ಮಾಡು ಅಂದರು, ಮಾಡಿದೆ. ಕೈಗೆ ಒಂದು ಹೆಡ್‌ಫೋನ್ ಕೊಟ್ಟರು.

"ಮೇಡಂ, ಇದು ಯಾಕೆ?"

"ಯಾಕೆ ಅಂದ್ರೆ? ಇಡೀ ಸಂಜೆ ಕುತ್ತಿಗೆ ಓರೆ ಮಾಡ್ಕೊಂಡು ಮಾತಾಡ್ತೀಯಾ? ಹೂಂ, ಮುಂದಿನವರು ಬನ್ನಿ!"

ಹೊರಗೆ ಬಂದಮೇಲೆ ಗೋಡೆ ಮೇಲಿನ ನೋಟಿಸ್ ಓದಿದೆ. ಕಳೆದ ವರ್ಷ ಮಧ್ಯದಲ್ಲೇ ಓದು ಬಿಟ್ಟುಹೋದವರಿಗೆ ಫೋನ್ ಮಾಡಿ, ಯಾಕೆ ಬಿಟ್ಟಿರಿ ಅಂತ ಕೇಳೋ ಕೆಲಸವಂತೆ. ಹೊಸ ವೈಸ್ ಚಾನ್ಸಲರ್ ಐಡಿಯಾ. ಅರ್ಜಿ ಕೊಡಬೇಕಾದ ಕೌಂಟರ್ ಎದುರಿನ ರೂಮಲ್ಲಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ, ಅದಕ್ಕೇ ನನ್ನ ಕಾಲು ಆ ಕಡೆ ಹೋಗಿರಲಿಲ್ಲ.

ಗುಡುಗು ಬಿದ್ದೂ ಬಿದ್ದೂ ನಕ್ಕಳು. "ಫೋನಲ್ಲಿ ಮಾತಾಡೋಕೆ ನಿನ್ನನ್ನ ತಗೊಂಡ್ರಾ? ಹಾಗಾದ್ರೆ ನನ್ನನ್ನ ಲೈಬ್ರರಿಲಿ ಸೈಲೆನ್ಸ್ ಬೋರ್ಡ್ ಪಕ್ಕ ಕೂರಿಸ್ತಾರೆ ಬಿಡು!"

ನಾಳೆ ಹೆಡ್‌ಫೋನ್ ವಾಪಸ್ ಕೊಟ್ಟು ಬರ್ತೀನಿ.

ಸೆಪ್ಟೆಂಬರ್ 5, ಶುಕ್ರವಾರ

ಕೊಡೋಕೆ ಆಗಲಿಲ್ಲ. ವೈಸ್ ಚಾನ್ಸಲರ್ ತಾವೇ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಅವರನ್ನ ದಾಟಿ ಹೇಗೆ ಹೋಗೋದು?

ಅವರಿಗೆ ಕ್ಯಾಂಪಸ್ಸಲ್ಲಿ ಇರೋ ಹೆಸರು ಲಿಫ್ಟ್ ಸಾರ್. ಮೊದಲು ಒಂದು ದೊಡ್ಡ ಲಿಫ್ಟ್ ಕಂಪನಿಯ ಎಂ.ಡಿ. ಆಗಿದ್ದರಂತೆ. ಪ್ರೊಫೆಸರ್‌ಗಳಿಗೆ ಅವರನ್ನ ಕಂಡರೆ ಅಷ್ಟಕ್ಕಷ್ಟೆ. "ಬಟನ್ ಒತ್ತಿದ ತಕ್ಷಣ ಮೇಲೆ ಹೋಗೋಕೆ ಯೂನಿವರ್ಸಿಟಿ ಏನು ಲಿಫ್ಟಾ?" ಅಂತ ಸ್ಟಾಫ್ ರೂಮಲ್ಲಿ ಜೋಕ್ ಮಾಡ್ತಾರೆ.

ಟ್ರೈನಿಂಗ್ ಅಂದರೆ ಪಿಪಿಟಿ ಇರುತ್ತೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಕೂತು ಮಾತಾಡಿದರು.

"ಕಾಲೇಜು ಮುಗಿಸಿ ಕಂಪನಿಗೆ ಸೇರಿದಾಗ ನನಗೆ ಕೊಟ್ಟ ಮೊದಲ ಕೆಲಸ ಇದೇ. ಲಿಫ್ಟ್ ಒಳಗೆ ಸಿಕ್ಕಿಹಾಕ್ಕೊಂಡವರು ಕೆಂಪು ಬಟನ್ ಒತ್ತಿದರೆ ಫೋನ್ ನನ್ನ ಟೇಬಲ್‌ಗೆ ಬರೋದು. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯೋವರೆಗೆ ಅವರ ಜೊತೆ ಮಾತಾಡ್ತಾ ಇರಬೇಕು. ಅಷ್ಟೇ. ರಿಪೇರಿ ನನ್ನ ಕೈಲಿರಲಿಲ್ಲ."

ಆಮೇಲೆ ಅಂದರು, "ಹೆದರಬೇಡಿ ಅಂತ ಮಾತ್ರ ಅನ್ನಬೇಡಿ. ಹಾಗಂದರೆ ಹೆದರೋ ಅಂಥದ್ದು ಏನೋ ಇದೆ ಅಂತ ಅವರಿಗೆ ಗೊತ್ತಾಗಿಬಿಡುತ್ತೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳಿ. ಲೈನ್ ಖಾಲಿ ಬಿಡಬೇಡಿ. ಅವರು ಇಡೋ ತನಕ ನೀವು ಫೋನ್ ಇಡಬೇಡಿ."

"ಹಲೋ" ಹುಡುಗ ಕೇಳಿದ, "ವಾಪಸ್ ಬನ್ನಿ ಅಂತ ಕನ್ವಿನ್ಸ್ ಮಾಡಬೇಕಾ ಸಾರ್?"

"ಬೇಡಪ್ಪ. ಮಾರೋದನ್ನ ನಾನು ಸುಮಾರು ವರ್ಷ ಮಾಡಿದ್ದೀನಿ. ಮಾರೋಕೆ ಬಂದವನ ದನಿ ಎಂಥವರಿಗೂ ಗೊತ್ತಾಗುತ್ತೆ. ಯಾಕೆ ಹೋದಿರಿ ಅಂತ ಕೇಳಿ, ಆಮೇಲೆ ಕೇಳಿಸ್ಕೊಳ್ಳಿ."

ಎಲ್ಲರೂ ಹೋಗೋವಾಗ ನನ್ನ ಕಡೆ ನೋಡಿ, "ಏನಮ್ಮ, ನಿನ್ನ ಡೌಟು?" ಅಂದರು.

ಇಲ್ಲ ಅಂತ ತಲೆ ಆಡಿಸಿದೆ. ಹೆಡ್‌ಫೋನ್ ಇನ್ನೂ ಬ್ಯಾಗಲ್ಲೇ ಇದೆ.

ಸೆಪ್ಟೆಂಬರ್ 11, ಗುರುವಾರ

ಇವತ್ತಿಂದ ಫೋನ್ ಮಾಡೋದು ಶುರು. ಟೆರಿಬಲ್. ಒಬ್ಬರು "ಲೋನ್ ಬೇಡಮ್ಮಾ" ಅಂತ ಇಟ್ಟರು. ಇನ್ನೊಬ್ಬರು ನನ್ನ ದನಿ ಕೇಳಿಸದೆ "ಯಾರೋ ಉಸಿರಾಡ್ತಿದ್ದಾರೆ ಕಣ್ರೋ" ಅಂತ ಪಕ್ಕದವರಿಗೆ ಹೇಳಿ ಇಟ್ಟರು. ನವೆಂಬರ್‌ವರೆಗೆ ತಳ್ಳಿದರೆ ಸಾಕು.

ಸೆಪ್ಟೆಂಬರ್ 12, ಶುಕ್ರವಾರ

ಇವತ್ತು ಒಬ್ಬರು ಮಾತಾಡಿದರು! ಕಳೆದ ವರ್ಷ ನನ್ನದೇ ಕೋರ್ಸ್ ಬಿಟ್ಟುಹೋದವರು. ಈಗ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ.

"ಏನು ಮಾರ್ತಿದ್ದೀಯಾ ಮರಿ?"

"ಏನೂ ಇಲ್ಲ... ಯೂನಿವರ್ಸಿಟಿಯಿಂದ... ನೀವು ಯಾಕೆ ಬಿಟ್ಟಿರಿ ಅಂತ..."

"ಅಯ್ಯೋ ದೇವರೇ. ಅಲ್ಲಿರೋವಾಗ ಒಬ್ಬರೂ ಕೇಳಲಿಲ್ಲ, ಈಗ ಕೇಳ್ತೀರಾ?"

ಗಾಬರಿಯಲ್ಲಿ "ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?" ಅಂದುಬಿಟ್ಟೆ.

"ಪಕ್ಕದಲ್ಲಾ? ಗೋಡೆ ತುಂಬ ಫ್ರೇಮುಗಳು. ನೂರಾರು ಕನ್ನಡಕ ನನ್ನನ್ನೇ ನೋಡ್ತಿವೆ, ಒಂದಕ್ಕೂ ಕಣ್ಣಿಲ್ಲ" ಅಂತ ನಕ್ಕರು. ಆಮೇಲೆ ತಾವಾಗಿಯೇ ಹೇಳಿದರು.

ಅವರಿಗೆ ಜಾಂಡೀಸ್ ಆಗಿ ಕೆಲವು ವಾರ ಮನೆಯಲ್ಲಿದ್ದರಂತೆ. ವಾಪಸ್ ಬಂದಾಗ ಕ್ಲಾಸು ಎಲ್ಲೋ ಹೋಗಿಬಿಟ್ಟಿತ್ತು. ಏನೂ ಅರ್ಥ ಆಗ್ತಿರಲಿಲ್ಲ, ಕೇಳೋಕೆ ನಾಚಿಕೆ. ಒಂದು ದಿನ ಕ್ಲಾಸಿಗೆ ಹೋಗಲಿಲ್ಲ. ಯಾರೂ ಕೇಳಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. "ಅಷ್ಟೇ ಕಣೆ. ಬಿಟ್ಟೆ ಅಂತ ನಾನೇನೂ ತೀರ್ಮಾನ ಮಾಡಲಿಲ್ಲ. ಆಮೇಲೆ ಲೈಬ್ರರಿಯವರು ಮಾತ್ರ ಮೂರು ಸಲ ಕಾಗದ ಹಾಕಿದರು. ಇಡೀ ಯೂನಿವರ್ಸಿಟಿಯಲ್ಲಿ ನನ್ನನ್ನ ಮಿಸ್ ಮಾಡ್ಕೊಂಡವರು ಅವರೊಬ್ಬರೇ, ಅದೂ ಪುಸ್ತಕಕ್ಕೋಸ್ಕರ."

ಇಡೋವಾಗ ಅಂದರು, "ಥ್ಯಾಂಕ್ಸ್ ಕಣೆ. ಬೇಜಾರಾದರೆ ಮತ್ತೆ ಮಾಡು."

ನನಗೆ ಥ್ಯಾಂಕ್ಸ್! ನಾನೇನು ಮಾಡಿದೆ? ಮನಸ್ಸಲ್ಲೇ ಅವರಿಗೆ ಕನ್ನಡಕದಕ್ಕ ಅಂತ ಹೆಸರಿಟ್ಟೆ.

ಸೆಪ್ಟೆಂಬರ್ 21, ಭಾನುವಾರ

ಅಮ್ಮನ ಸಂಡೇ ಫೋನು. ಅಮ್ಮನಿಗೆ ಎರಡು ವರ್ಷಕ್ಕೊಮ್ಮೆ ವರ್ಗ ಆಗೋ ಕೆಲಸ, ಅದಕ್ಕೇ ನನ್ನ ಹಾಸ್ಟೆಲ್ ಬಾಳು. ನಮ್ಮ ಫೋನ್ ಯಾವಾಗಲೂ ಒಂದೇ ಥರ. ಊಟ ಆಯ್ತಾ, ಆಯ್ತು. ಓದ್ತಿದ್ದೀಯಾ, ಹೂಂ. ಹುಷಾರು ಪುಟ್ಟಿ, ಹೂಂ. ಬೈ.

ಇವತ್ತು ಹೇಳಿಬಿಡಬೇಕು ಅಂತಿದ್ದೆ. ಅದರ ಬದಲು, ಇಡೀ ವಾರದ ಫೋನಿನ ಅಭ್ಯಾಸದಲ್ಲಿ, "ಅಮ್ಮ, ನಿನ್ನ ಪಕ್ಕದಲ್ಲಿ ಯಾರಿದ್ದಾರೆ?" ಅಂತ ಕೇಳಿದೆ.

"ಯಾರೂ ಇಲ್ಲ ಕಣೆ. ಹೊಸ ಮನೆ, ಪರದೆ ಕೂಡ ಹಾಕಿಲ್ಲ ಇನ್ನೂ" ಅಂದಳು. ಕಿಟಕಿ ಎದುರು ಯಾರದೋ ಮನೆ ಟೆರೇಸ್ ಇದೆಯಂತೆ. ಅಲ್ಲೊಬ್ಬ ಅಜ್ಜ ದಿನಾ ಗಿಡಗಳಿಗೆ ಬೈದು ಬೈದು ನೀರು ಹಾಕ್ತಾನಂತೆ, "ಕುಡಿ, ಕುಡಿದು ಸಾಯಿ" ಅಂತ. ಅಮ್ಮ ಆ ಅಜ್ಜನ ದನಿ ಮಾಡಿ ತೋರಿಸಿದಳು. ನನ್ನ ಅಮ್ಮನಿಗೆ ಮಿಮಿಕ್ರಿ ಬರುತ್ತೆ ಅಂತ ನನಗೆ ಇವತ್ತು ಗೊತ್ತಾಯಿತು.

ಹೇಳಬೇಕಾದ್ದು ಹೇಳೋಕೆ ಆಗಲಿಲ್ಲ. ಮುಂದಿನ ವಾರ.

ಅಕ್ಟೋಬರ್ 1, ಬುಧವಾರ

ಲಿಫ್ಟ್ ಸಾರ್ ಈಗ ಆಗಾಗ ಬಂದು ನಮ್ಮ ಜೊತೆ ಕೂತು ಫೋನ್ ಮಾಡ್ತಾರೆ. ಅವರದ್ದು ನಮ್ಮೆಲ್ಲರಿಗಿಂತ ಕೆಟ್ಟದಾಗಿ ಹೋಗುತ್ತೆ. "ನಾನು ಕುಲಪತಿ ಮಾತಾಡ್ತಿರೋದು" ಅಂದ ತಕ್ಷಣ ಆ ಕಡೆಯವರು "ನಾನೇನೂ ಮಾಡಿಲ್ಲ ಸಾರ್" ಅಂತ ಇಟ್ಟುಬಿಡ್ತಾರೆ. ಇವತ್ತು "ಹಲೋ" ಹುಡುಗ ಧೈರ್ಯ ಮಾಡಿ ಹೇಳಿದ, "ಸಾರ್, ಕುಲಪತಿ ಅನ್ನೋದನ್ನ ಬಿಟ್ಟುನೋಡಿ." ಬಿಟ್ಟರು. ಆಗ ಒಬ್ಬಳು ಅವರ ಜೊತೆ ತುಂಬ ಹೊತ್ತು ಮಾತಾಡಿ, ಕೊನೆಗೆ "ನೀವು ಯಾವ ಇಯರ್?" ಅಂತ ಕೇಳಿದಳಂತೆ. "ಫಸ್ಟ್ ಇಯರ್" ಅಂದರಂತೆ ಸಾರ್. ಸುಳ್ಳೇನಲ್ಲ, ಅವರು ಇಲ್ಲಿಗೆ ಬಂದಿದ್ದು ಈ ವರ್ಷವೇ.

ಟೀ ಕುಡಿಯೋವಾಗ ನಾನೇ ಕೇಳಿದೆ, ಕಂಪನಿ ಯಾಕೆ ಬಿಟ್ಟಿರಿ ಸಾರ್ ಅಂತ. ಬಾಯಿಗೆ ಅದೇ ಪ್ರಶ್ನೆ ಕೂತುಬಿಟ್ಟಿದೆ.

ಅವರಿಗೆ ನಗು ಬಂತು. ಫೋನ್ ಟೇಬಲ್ಲಿಂದ ಸರ್ವಿಸ್ ವಿಭಾಗಕ್ಕೆ, ಅಲ್ಲಿಂದ ಮಾರಾಟಕ್ಕೆ, ಆಮೇಲೆ ಇಡೀ ಕಂಪನಿಯ ಮೇಲಿನ ಕುರ್ಚಿಗೆ ಹೋದ ಕಥೆ ಹೇಳಿದರು. ಕಂಪನಿಯಲ್ಲಿ ಹೊಸ ಮೆಕ್ಯಾನಿಕ್‌ಗಳಿಗೆ ಒಂದು ತರಬೇತಿ ಶಾಲೆ ಇತ್ತಂತೆ. ಶನಿವಾರ ಇವರು ಅಲ್ಲಿ ಹೋಗಿ ಪಾಠ ಮಾಡೋರು. "ಎಂ.ಡಿ. ಬಂದು ಪಾಠ ಮಾಡ್ತೀನಿ ಅಂದರೆ ಬೇಡ ಅನ್ನೋರು ಯಾರಮ್ಮ? ಒಂದು ದಿನ ನನ್ನ ಹೆಂಡತಿ ಕೇಳಿದಳು, 'ರೀ, ನೀವು ಊಟಕ್ಕೆ ಕೂತಾಗ ಮಾತಾಡೋದು ವಾರದಲ್ಲಿ ಒಂದೇ ದಿನ. ಗೊತ್ತಾ ನಿಮಗೆ, ಯಾವ ದಿನ ಅಂತ?'"

"ಶನಿವಾರವಾ ಸಾರ್?"

"ಶನಿವಾರ. ಉಳಿದ ದಿನ ತಟ್ಟೆ ನೋಡ್ಕೊಂಡು ಉಣ್ತಿದ್ದೆನಂತೆ. ಅದನ್ನ ಒಪ್ಪಿಕೊಳ್ಳೋಕೇ ನನಗೆ ಎರಡು ವರ್ಷ ಬೇಕಾಯ್ತು."

ಕೆಲಸ ಬಿಟ್ಟು ಒಂದು ಸಣ್ಣ ಕಾಲೇಜಲ್ಲಿ ಮೇಷ್ಟ್ರಾದರು. ಮೊದಲ ದಿನ ಹಾಜರಿ ತಗೊಳ್ಳೋದನ್ನೇ ಮರೆತರಂತೆ. "ಕಂಪನಿಯಲ್ಲಿ ನಾನು ಮೀಟಿಂಗ್‌ಗೆ ಬಂದರೆ ಎಲ್ಲರೂ ಇರ್ತಿದ್ದರು. ಯಾರು ಇಲ್ಲ ಅಂತ ನೋಡೋ ಅಭ್ಯಾಸವೇ ಇರಲಿಲ್ಲ." ಆಮೇಲೆ ಆ ಕಾಲೇಜಿಗೆ ಪ್ರಿನ್ಸಿಪಾಲ್, ಈಗ ಇಲ್ಲಿ.

"ಲಿಫ್ಟ್ ಮಿಸ್ ಆಗುತ್ತಾ ಸಾರ್?" ಅಂದಿದ್ದಕ್ಕೆ, "ಈ ಕಟ್ಟಡದ ಲಿಫ್ಟು ಬಾಗಿಲು ಹಾಕ್ಕೊಳ್ಳೋವಾಗ ಮುದುಕಿ ಥರ ನರಳುತ್ತಲ್ಲ, ಅದು ನಮ್ಮ ಎದುರಾಳಿ ಕಂಪನಿದು. ಕೇಳಿದಾಗೆಲ್ಲ ಹೊಟ್ಟೆ ತಣ್ಣಗಾಗುತ್ತೆ" ಅಂದರು.

ಇಂಥವರ ಜೊತೆ ಟೀ ಕುಡಿದೆ ಅಂತ ಅಜ್ಜಿ ಇದ್ದಿದ್ದರೆ ಹೇಳಬಹುದಿತ್ತು.

ಅಕ್ಟೋಬರ್ 9, ಗುರುವಾರ

ಕನ್ನಡಕದಕ್ಕ ಇವತ್ತು ಇದ್ದಕ್ಕಿದ್ದ ಹಾಗೆ ಕೇಳಿದರು: "ಜನವರಿಯಿಂದ ಬಂದರೆ ಸೇರಿಸ್ಕೊಳ್ತಾರೇನೇ? ಮೊದಲ ಸೆಮಿಸ್ಟರ್ ಪಾಸಾಗಿದ್ದೆ ನಾನು. ಎರಡನೆಯದರಿಂದ ಶುರು ಮಾಡಿದರೆ ಸಾಕು."

ಸಾರ್ ಪಕ್ಕದಲ್ಲೇ ಇದ್ದರು. ಕೇಳಿದೆ. ಕಣ್ಣು ಅರಳಿತು ಅವರಿಗೆ. "ಬರ ಹೇಳು! ನಾನು ಹೇಳಿದೆ ಅಂತ ಹೇಳು."

ಹೇಳಿದೆ. ಆ ಕಡೆ ಏನೋ ಬಿದ್ದು ಉರುಳಿದ ಸದ್ದಾಯಿತು. ಫ್ರೇಮಿನ ಡಬ್ಬಿಯಂತೆ.

ಬಿಟ್ಟುಹೋಗೋಳು ಒಬ್ಬರನ್ನ ವಾಪಸ್ ಕರೆಸಿದ ಹಾಗಾಯಿತು. ಲೆಕ್ಕ ಸರಿಹೋಯಿತು ಬಿಡು, ನಾನು ನಿಶ್ಚಿಂತೆಯಿಂದ ಹೋಗಬಹುದು.

ಅಕ್ಟೋಬರ್ 16, ಗುರುವಾರ

ಸೇರಿಸಿಕೊಳ್ಳೋಕೆ ಆಗಲ್ಲವಂತೆ.

ರಿಜಿಸ್ಟ್ರಾರ್ ಮೇಡಂ ನಮ್ಮ ರೂಮಿಗೇ ಬಂದು ಸಾರ್‌ಗೆ ಹೇಳಿದರು. ಅವರು ಜೋರು ಮಾಡೋರಲ್ಲ, ಮೆಲ್ಲಗೇ ಹೇಳಿದರು. "ಒಂದು ಸೆಮಿಸ್ಟರ್‌ಗಿಂತ ಹೆಚ್ಚು ಬಿಟ್ಟವರು ಮತ್ತೆ ಎಂಟ್ರೆನ್ಸ್ ಬರೆದು ಮೊದಲಿಂದ ಓದಬೇಕು ಸಾರ್. ನಿಯಮ ಇರೋದು ಹಾಗೆ. ಅದನ್ನ ಬದಲಾಯಿಸೋಕೆ ಅಕಾಡೆಮಿಕ್ ಕೌನ್ಸಿಲ್ ಒಪ್ಪಬೇಕು. ನೀವು ಹೇಳಿದರೆ ಆಗಲ್ಲ, ನಾನು ಹೇಳಿದರೂ ಆಗಲ್ಲ."

"ನಾನು ಮಾತು ಕೊಟ್ಟಿದ್ದೀನಲ್ಲ ಮೇಡಂ."

"ಗೊತ್ತು ಸಾರ್. ಇದು ಕಂಪನಿ ಅಲ್ಲ."

ಸಾರ್ ಮುಖ ನೋಡೋಕೆ ಆಗಲಿಲ್ಲ ನನಗೆ. ಅಕ್ಕ ಸೋಮವಾರವೇ ಮಾಲೀಕರಿಗೆ ಹೇಳಿಬಿಟ್ಟಿದ್ದಾರೆ, ಡಿಸೆಂಬರ್‌ಗೆ ಕೆಲಸ ಬಿಡ್ತೀನಿ ಅಂತ. ಮಾತು ಸಾರ್‌ದಿರಬಹುದು, ಅಕ್ಕನ ಕಿವಿಗೆ ಬಿದ್ದಿದ್ದು ನನ್ನ ದನಿ.

ನಾಳೆಯೇ ಎದುರಿನ ಕೌಂಟರ್‌ಗೆ ಹೋಗ್ತೀನಿ. ಇನ್ನು ಸಾಕು.

ಅಕ್ಟೋಬರ್ 17, ಶುಕ್ರವಾರ

ಹೋದೆ. ಅರ್ಜಿ ಕೈಯಲ್ಲಿತ್ತು. ಬಾಗಿಲಲ್ಲೇ ಸಾರ್ ಸಿಕ್ಕರು. "ಬಾಮ್ಮ, ನಿನ್ನನ್ನೇ ಕಾಯ್ತಿದ್ದೆ. ಆ ಹುಡುಗಿಗೆ ಫೋನ್ ಹಚ್ಚಿ ಕೊಡು. ನೀನು ಹೇಳಬೇಡ, ನಾನು ಹೇಳಬೇಕು ಅದನ್ನ."

ಹಚ್ಚಿಕೊಟ್ಟೆ. ಸಾರ್ ಸುತ್ತಿ ಬಳಸಲಿಲ್ಲ. "ತಪ್ಪು ನನ್ನದು. ಕಂಪನಿಯಲ್ಲಿ ನಾನು ಬಾಯಲ್ಲಿ ಅಂದಿದ್ದೇ ಆದೇಶ ಆಗ್ತಿತ್ತು. ಇಲ್ಲಿ ಹಾಗಲ್ಲ ಅನ್ನೋದು ಇನ್ನೂ ಮೈಗೆ ಹತ್ತಿಲ್ಲ. ನನ್ನ ಆತುರಕ್ಕೆ ನಿನ್ನ ಕೆಲಸಕ್ಕೆ ಕುತ್ತು ತಂದೆ."

ಅಕ್ಕ ಅಳ್ತಾರೆ ಅಂದುಕೊಂಡೆ. ಅಕ್ಕ ಅಂದಿದ್ದು: "ಸಾರ್, ಕನ್ನಡಕದ ಪವರ್ ತಪ್ಪಾದರೆ ನಾವು ಸಾರಿ ಅಂತ ಅಷ್ಟೇ ಹೇಳಿ ಕಳಿಸಲ್ಲ, ಹೊಸದು ಮಾಡಿಕೊಡ್ತೀವಿ. ನೀವೇನು ಮಾಡ್ತೀರ?"

ಸಾರ್ ಕುರ್ಚಿ ಎಳೆದು ಫೋನಿನ ಹತ್ತಿರ ಕೂತರು. "ಕೌನ್ಸಿಲ್ ಮುಂದೆ ಹೋಗಿ ಕೇಳ್ತೀನಿ. ಒಪ್ತಾರೆ ಅಂತ ಈ ಸಲ ಮಾತು ಕೊಡಲ್ಲ."

"ಹೂಂ, ಈಗ ನಂಬಿಕೆ ಬಂತು" ಅಂದರು ಅಕ್ಕ.

ಅಂಗಡಿ ಮಾಲೀಕರು ಒಳ್ಳೆಯವರು. ಹೋಗೋವರೆಗೂ ಇರು, ಹೋಗದಿದ್ದರೂ ಇರು ಅಂದಿದ್ದಾರಂತೆ. ಅಷ್ಟು ಕೇಳಿದ ಮೇಲೆ ನನಗೆ ಉಸಿರು ಬಂತು. ಆಮೇಲೆ ಸಾರ್ "ಉಳಿದವರೆಲ್ಲ ಏನೇನು ಹೇಳಿದರು, ಎಲ್ಲ ಸೇರಿಸಿ ಹೇಳಮ್ಮ" ಅಂತ ಕೂರಿಸಿಕೊಂಡರು. ಅದು ಮುಗಿಯೋ ಹೊತ್ತಿಗೆ ಕೌಂಟರ್ ಮುಚ್ಚಿತ್ತು.

ಅಕ್ಟೋಬರ್ 26, ಭಾನುವಾರ

ಈ ವಾರ ಸಾರ್ ಒಂದು ಆದೇಶವನ್ನೂ ಹೊರಡಿಸಿಲ್ಲವಂತೆ, ಕ್ಲರ್ಕ್ ಮೇಡಂ ಆಶ್ಚರ್ಯದಿಂದ ಹೇಳಿದರು. ರಿಜಿಸ್ಟ್ರಾರ್ ಮೇಡಂ ಅವರಿಗೆ ಹೇಳಿಕೊಟ್ಟಿದ್ದು ಒಂದೇ ಮಾತು: "ಕರೆಸಬೇಡಿ ಸಾರ್, ನೀವೇ ಹೋಗಿ." ಹಾಗೆ ಸಾರ್ ಒಬ್ಬೊಬ್ಬ ಪ್ರೊಫೆಸರ್ ರೂಮಿಗೂ ತಾವೇ ಹೋಗಿ, ಬಾಗಿಲು ತಟ್ಟಿ, ಕೂರಬಹುದಾ ಅಂತ ಕೇಳ್ತಿದ್ದಾರೆ. ಮೊದಮೊದಲು ಎಲ್ಲರೂ ಗಾಬರಿಬಿದ್ದರಂತೆ. ಗಣಿತದ ಪ್ರೊಫೆಸರ್ ಮಾತ್ರ, "ಯೂನಿವರ್ಸಿಟಿ ಏನು ಬಸ್ ಸ್ಟ್ಯಾಂಡಾ, ಬೇಕೆಂದಾಗ ಇಳಿದು ಬೇಕೆಂದಾಗ ಹತ್ತೋಕೆ?" ಅಂದು ಟೀ ಕುಡಿಸಿ ಕಳಿಸಿದರಂತೆ.

ಅಮ್ಮ ಪರದೆ ಹಾಕಿಸಿದಳು. ಒಂದು ಕಿಟಕಿಗೆ ಮಾತ್ರ ಬೇಡ ಅಂದಳಂತೆ, ಅಜ್ಜನ ಕಿಟಕಿಗೆ.

ಇವತ್ತು ಅವಳಿಗೆ ಸೆಮಿನಾರಿನ ವಿಷಯ ಹೇಳಿದೆ. ಸ್ಲೈಡುಗಳು ತಾವೇ ವಂದನಾರ್ಪಣೆ ಮಾಡಿದ್ದು ಕೇಳಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅವತ್ತೇ ಯಾಕೆ ಹೇಳಲಿಲ್ಲ ಪುಟ್ಟಿ?" ಅಂದಳು. "ನೀನು ಕೇಳಲಿಲ್ಲ" ಅಂದೆ. ಬೈಗುಳದ ಹಾಗೆ ಅನ್ನಲಿಲ್ಲ, ಇದ್ದಿದ್ದು ಹಾಗೆ. "ಇನ್ಮೇಲೆ ಕೇಳ್ತೀನಿ" ಅಂದಳು.

ನವೆಂಬರ್ 18, ಮಂಗಳವಾರ

ಇವತ್ತಿನದೆಲ್ಲ ಮರೆಯೋ ಮೊದಲು ಬರೆದಿಡಬೇಕು.

ಅಕಾಡೆಮಿಕ್ ಕೌನ್ಸಿಲ್, ಅಂದರೆ ವಿದ್ಯಾ ಪರಿಷತ್ತಿನ ಸಭೆ. ಉದ್ದನೆಯ ಮೇಜು, ಸುತ್ತಲೂ ಪ್ರೊಫೆಸರ್‌ಗಳು. ನನ್ನ ಕೆಲಸ ಸಣ್ಣದು: ಅಕ್ಕನಿಗೆ ಫೋನ್ ಹಚ್ಚಿ, ಮೇಜಿನ ಮಧ್ಯೆ ಇಟ್ಟು, ಲೈನ್ ನೋಡಿಕೊಳ್ಳೋದು. ಬಿಟ್ಟುಹೋದವರ ಪರವಾಗಿ ತಾವು ಮಾತಾಡೋದಕ್ಕಿಂತ ಅವರೇ ಮಾತಾಡಲಿ ಅಂತ ಸಾರ್ ಕೇಳಿಕೊಂಡಿದ್ದರು.

ಅಕ್ಕ ತಮ್ಮ ಕಥೆ ಹೇಳಿದರು. ಮುಗಿದಮೇಲೆ ಗಣಿತದ ಪ್ರೊಫೆಸರ್ ಬಸ್ ಸ್ಟ್ಯಾಂಡ್ ಮಾತು ಎತ್ತಿದರು. ಅಕ್ಕ ಅಂದರು:

"ನಮಸ್ಕಾರ ಸಾರ್. ನಾನು ನಿಮ್ಮ ಕ್ಲಾಸಿನವಳೇ."

"ಹೌದಾ? ಎಲ್ಲಿ ಕೂರ್ತಿದ್ದೆಯಮ್ಮ?"

"ಕಿಟಕಿ ಪಕ್ಕ ಸಾರ್. ನೀವು ಒಳಗೆ ಬರ್ತಿದ್ದ ಹಾಗೇ 'ಕಿಟಕಿ ಹಾಕಮ್ಮ, ಗಾಳಿ' ಅಂತಿದ್ದಿರಿ. ದಿನಾ ನಾನೇ ಹಾಕ್ತಿದ್ದೆ."

ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೌದು. ಆಮೇಲಾಮೇಲೆ ನಾನೇ ಹಾಕ್ಕೊಳ್ತಿದ್ದೆ. ಯಾಕೆ ಅಂತ ಯೋಚನೆ ಮಾಡಲಿಲ್ಲ" ಅಂದರು.

ಅಷ್ಟರಲ್ಲಿ ಅಕ್ಕ, "ಒಂದು ನಿಮಿಷ ಸಾರ್, ಗಿರಾಕಿ ಬಂದರು, ಅಂಗಡೀಲಿ ನಾನೊಬ್ಬಳೇ" ಅಂದುಬಿಟ್ಟರು! ಇಡೀ ಪರಿಷತ್ತು ಕಾಯ್ತಾ ಕೂತಿತು. ಫೋನಲ್ಲಿ ಅಕ್ಕ ಯಾರೋ ತಾತನಿಗೆ "ಈಗ ಓದಿ, ಈ ಸಾಲು... ಬೇಡ, ಕಣ್ಣು ಕಿರಿದು ಮಾಡಬೇಡಿ" ಅಂತಿದ್ದದ್ದು ಕೇಳಿಸ್ತಿತ್ತು. ಯಾರೋ ಗಡಿಯಾರ ನೋಡಿಕೊಂಡರು. ಯಾರೋ ಫೈಲ್ ಮುಚ್ಚಿದರು. ಲೈನ್ ಖಾಲಿ ಬಿಡಬಾರದಲ್ಲ, ಅದಕ್ಕೆ ಅಕ್ಕ ಬರೋವರೆಗೆ ನಾನು ಉಳಿದವರ ವಿಷಯ ಹೇಳ್ತಾ ಇದ್ದೆ. ಅಪ್ಪನ ಕಾಲು ಮುರಿದು ಅಂಗಡಿ ನೋಡಿಕೊಳ್ಳೋಕೆ ಹೋದವನು, ಮಗು ಹುಟ್ಟಿ ಬಿಟ್ಟವಳು, ಒಂದು ಪೇಪರ್ ಫೇಲಾಗಿದ್ದಕ್ಕೆ ಎಲ್ಲ ಮುಗೀತು ಅಂದುಕೊಂಡವನು. ಒಬ್ಬ ಪ್ರೊಫೆಸರ್ ಪ್ರಶ್ನೆ ಕೇಳಿದರು, ಹೇಳಿದೆ. ಇನ್ನೊಬ್ಬರು ಕೇಳಿದರು, ಅದಕ್ಕೆ ನನಗೆ ಗೊತ್ತಿಲ್ಲ, ತಿಳಕೊಂಡು ಹೇಳ್ತೀನಿ ಅಂದೆ. ತಾತನಿಗೆ ಕನ್ನಡಕ ಒಪ್ಪಿಗೆಯಾಗಿ ಅಕ್ಕ ವಾಪಸ್ ಬಂದರು.

ಹೊರಗೆ ರಿಜಿಸ್ಟ್ರಾರ್ ಮೇಡಂ ನನ್ನ ಭುಜ ಹಿಡಿದು, "ಇಷ್ಟು ದಿನ ಈ ಗಂಟಲನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಅಂದರು. ಯಾಕೆ ಹಾಗಂದರೋ. ಮೇಜು ಉದ್ದ ಇತ್ತು, ಕೊನೆಯವರಿಗೆ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿ ಹೇಳಿದ್ದೆ ಅಷ್ಟೆ.

ಒಪ್ಪಿದರು! ಒಂದು ವರ್ಷದ ಮಟ್ಟಿಗೆ, ನೋಡೋಣ ಅಂತ. ಬಿಟ್ಟ ಸೆಮಿಸ್ಟರಿನಿಂದಲೇ ಮುಂದುವರಿಸಬಹುದು. ಅದಕ್ಕೆ ಅನುಮೋದನೆ ಕೊಟ್ಟವರು ಗಣಿತದ ಪ್ರೊಫೆಸರ್. ಸಾರ್ ಎದ್ದು ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಮುಗಿದರು.

ಗುಡುಗಿಗೆ ಹೇಳಿದೆ. ಇಡೀ ಹಾಸ್ಟೆಲ್‌ಗೆ ಹೇಳೋ ಕೆಲಸ ಉಳಿಯಿತು.

ನವೆಂಬರ್ 27, ಗುರುವಾರ

ಅಕ್ಕ ಬರ್ತೀನಿ ಅಂತ ಹೇಳ್ತಿಲ್ಲ. ಇಷ್ಟೆಲ್ಲ ಆದಮೇಲೆ ಹಿಂದೇಟು.

"ಭಯ ಕಣೆ" ಅಂದರು ಇವತ್ತು. "ಅಂಗಡಿಗೆ ನಾನು ಒಂದು ದಿನ ಹೋಗದಿದ್ದರೆ ಒಂಬತ್ತೂವರೆಗೆ ಮಾಲೀಕರ ಫೋನ್ ಬರುತ್ತೆ. ಅಲ್ಲಿ? ಮತ್ತೆ ಒಂದು ದಿನ ಕ್ಲಾಸಿಗೆ ಹೋಗೋಕೆ ಮನಸ್ಸಾಗದೆ ಮಲಗಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?"

ಬನ್ನಿ ಅಕ್ಕ ಅಂತ ಗೋಗರೆಯೋಣ ಅನ್ನಿಸಿತು, ಗೋಗರೆಯಲಿಲ್ಲ. ಅವರು ಇಡೋವರೆಗೆ ಕಾದೆ.

ಸಾರ್‌ಗೆ ಹೇಳಿದರೆ, "ಒತ್ತಾಯ ಬೇಡಮ್ಮ. ಆದರೆ ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ನಿಯಮ ಮಾಡೋಕೆ ನನಗೂ ಬರಲ್ಲ, ಪರಿಷತ್ತಿಗೂ ಬರಲ್ಲ" ಅಂದರು.

ಡಿಸೆಂಬರ್ 1, ಸೋಮವಾರ

ರಿಜಿಸ್ಟ್ರಾರ್ ಮೇಡಂಗೆ ಅಕ್ಕನ ಒಪ್ಪಿಗೆ ಬರವಣಿಗೆಯಲ್ಲೇ ಬೇಕಂತೆ. ಹಾಗಾಗಿ ಫೋನ್ ಬಿಟ್ಟು ಪತ್ರ. ನವೆಂಬರ್ ಮುಗಿದೇಹೋಯಿತು, ನನ್ನ ಬಿಡೋ ಅರ್ಜಿ ಬ್ಯಾಗಲ್ಲೇ ಉಳಿಯಿತು. ಚೆನ್ನಾಗಿ ಬರೀಬೇಕು ಅಂತ ಮೊದಲು ಇಲ್ಲಿ ಬರೆದು ನೋಡ್ತೀನಿ.

ಪ್ರೀತಿಯ ಅಕ್ಕ,

ಹೇಗಿದ್ದೀರಿ? ನೀವು ಮೊದಲ ದಿನ ಫೋನಲ್ಲಿ ನನಗೆ ಥ್ಯಾಂಕ್ಸ್ ಅಂದಿರಿ. ಅವತ್ತು ನಾನು ಏನೂ ಅನ್ನಲಿಲ್ಲ. ಈಗ ನನ್ನ ಸರದಿ. ನೀವು ಆ ದಿನ ಫೋನ್ ಇಟ್ಟುಬಿಟ್ಟಿದ್ದರೆ ನಾನು ಇಲ್ಲಿ ಮತ್ತೊಬ್ಬರ ಜೊತೆ ಮಾತಾಡ್ತಿರಲಿಲ್ಲ ಅನ್ನಿಸುತ್ತೆ.

ನಿಮ್ಮ ಪ್ರಶ್ನೆಗೆ ಉತ್ತರ ಯೋಚಿಸಿದೆ. ಜನವರಿಯಿಂದ ನಾವಿಬ್ಬರೂ ಒಂದೇ ಸೆಮಿಸ್ಟರ್, ಒಂದೇ ಕ್ಲಾಸು. ನಮ್ಮ ರೂಮಿನ ಎದುರಿನ ರೂಮಲ್ಲಿ ಒಂದು ಮಂಚ ಖಾಲಿಯಿದೆ, ವಾರ್ಡನ್‌ಗೆ ಹೇಳಿ ಹಿಡಿದಿಟ್ಟಿದ್ದೀನಿ. ಬೆಳಿಗ್ಗೆ ನೀವು ಏಳದಿದ್ದರೆ ನಾನು ಬಂದು ಬಾಗಿಲು ತಟ್ತೀನಿ. ನನಗೆ ಹುಷಾರಿಲ್ಲದಿದ್ದರೆ ನನ್ನ ರೂಮ್‌ಮೇಟ್ ತನ್ನ ಮಂಚದಿಂದಲೇ ಕೂಗ್ತಾಳೆ, ನಿಮಗೆ ಕೇಳುತ್ತೆ, ಅದರ ಬಗ್ಗೆ ಅನುಮಾನ ಬೇಡ. ಪಾಠ ಅರ್ಥವಾಗದಿದ್ದರೆ ಕೇಳೋಣ. ನನಗೂ ಅರ್ಧ ಅರ್ಥವಾಗಿಲ್ಲ. ಇಬ್ಬರು ಒಟ್ಟಿಗೆ ಕೇಳಿದರೆ ನಾಚಿಕೆ ಅರ್ಧರ್ಧ ಆಗುತ್ತೆ. ಇನ್ನೊಂದು, ನಾನು ಕ್ಲಾಸಿಗೆ ಬರದೆ ಮಲಗಿದ ದಿನ ನೀವು ಬಂದು ನನ್ನ ಬಾಗಿಲು ತಟ್ಟಬೇಕು. ಹಾಗೆ ತಟ್ಟುವವರು ನನಗೂ ಬೇಕು.

ಬರಲೇಬೇಕು ಅಂತ ಇಲ್ಲ. ಬರಲ್ಲ ಅಂದರೂ ನಾನು ಫೋನ್ ಮಾಡೋದು ಬಿಡಲ್ಲ. ಆದರೆ ಮುಂದಿನ ವಾರದ ಶುಕ್ರವಾರದೊಳಗೆ ರಿಜಿಸ್ಟ್ರಾರ್ ಮೇಡಂಗೆ ಹೇಳಬೇಕು.

ದಯವಿಟ್ಟು ಬೇಗ ಉತ್ತರ ಬರೆಯಿರಿ.